ಫ್ಲಾಸ್ಕಿನಲ್ಲಿ ಬೆರೆಸಿದ್ದು

ಸುಮಿತ್ರ ಆ ಔಷಧಿಯನ್ನು ಮೊದಲು ಪರೀಕ್ಷಿಸಿದ್ದು ತನ್ನ ಮೇಲೆಯೇ.

ಅದು ಅವಳ ಏಳು ವರ್ಷದ ಮಗಳು ಅನ್ವಿತಾಳಿಗೆಂದು ಆಸ್ಪತ್ರೆಯವರು ಕೊಟ್ಟಿದ್ದ ಸಿರಪ್. ಕಿತ್ತಳೆ ಹಣ್ಣಿನ ವಾಸನೆ. ನಾಲಿಗೆಯ ತುದಿಯಲ್ಲಿ ಸಿಹಿ, ಗಂಟಲಲ್ಲಿ ಇಳಿಯುವಾಗ ಕಹಿ. ಕಂದು ಬಾಟಲಿಯ ಮೇಲೆ ಔಷಧಿಯ ಹೆಸರಿರಲಿಲ್ಲ, ಒಂದು ನಂಬರು ಮಾತ್ರ ಇತ್ತು. ಇದು ಮೂಲತಃ ಮನಸ್ಸಿನ ಖಿನ್ನತೆಗೆ ಕೊಡುವ ಔಷಧಿ, ಮಕ್ಕಳ ಫಿಟ್ಸ್‌ಗೂ ಉಪಯೋಗ ಆಗಬಹುದೇ ಎಂದು ನೋಡುತ್ತಿದ್ದೇವೆ ಎಂದು ತಿರುವನಂತಪುರದ ಡಾಕ್ಟರ್ ನಂದಿತಾ ಹೇಳಿದ್ದರು. ಖಿನ್ನತೆಯ ಔಷಧಿ ಎಂದಮೇಲೆ ಅದನ್ನು ಪರೀಕ್ಷಿಸಲು ತನಗಿಂತ ಯೋಗ್ಯರು ಬೇರೆ ಯಾರಿದ್ದಾರೆ ಎಂದುಕೊಂಡ ಸುಮಿತ್ರ, ಕೊಚ್ಚಿಯ ಬಾಡಿಗೆ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು, ಐದು ಎಂಎಲ್ ಅಳೆದು ಒಂದೇ ಗುಟುಕಿಗೆ ನುಂಗಿದಳು. ಆಮೇಲೆ ಬಾಯಿ ತೊಳೆದುಕೊಂಡು ಬ್ಯಾಂಕಿಗೆ ಹೋದಳು.

ಆ ದಿನ ವೈಟ್ಟಿಲದ ಸಿಗ್ನಲ್ಲಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತರೂ ಅವಳಿಗೆ ಸಿಟ್ಟು ಬರಲಿಲ್ಲ. ಡಬ್ಬಿಯ ಅನ್ನ ಪೂರ್ತಿ ಖಾಲಿಯಾಯಿತು. ಮ್ಯಾನೇಜರು ಮೂರು ವರ್ಷದಿಂದ ಹೇಳುತ್ತ ಬಂದಿದ್ದ ಅದೇ ಹಳಸಲು ಜೋಕಿಗೆ ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಅವರೇ ಗಾಬರಿಯಾಗಿ ‘ಎಂದಾ, ಏನು ಮೇಡಂ, ಹುಷಾರಾಗಿದ್ದೀರಲ್ಲ?’ ಎಂದು ಕೇಳಿದರು. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ತಮಗೆ ಸಿಕ್ಕಿರುವುದು ನಿಜವಾದ ಔಷಧಿ.

ಅನುಮಾನ ಇದ್ದದ್ದು ಯಾಕೆಂದರೆ ಅದು ಎಲ್ಲರಿಗೂ ಸಿಗುವಂತಿರಲಿಲ್ಲ. ಸಂಶೋಧನೆಯ ನಿಯಮವೇ ಹಾಗೆ. ಮೂವತ್ತಾರು ಮಕ್ಕಳಲ್ಲಿ ಅರ್ಧ ಮಕ್ಕಳಿಗೆ ಔಷಧಿ ಬೆರೆಸಿದ ಸಿರಪ್, ಉಳಿದರ್ಧಕ್ಕೆ ಬಣ್ಣ, ವಾಸನೆ, ಕಹಿ ಎಲ್ಲ ಅದೇ ಇದ್ದು ಔಷಧಿ ಮಾತ್ರ ಇಲ್ಲದ ಖಾಲಿ ಸಿರಪ್. ಯಾರಿಗೆ ಯಾವುದು ಎಂದು ತಾಯಂದಿರಿಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಬಾಟಲಿ ಕೊಡುವ ಅಲ್ವಿನ್‌ಗೂ ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಕೋಡ್ ಒಡೆಯುತ್ತಾರೆ, ಯಾವ ನಂಬರಿನಲ್ಲಿ ಏನಿತ್ತೆಂದು ಹೇಳುತ್ತಾರೆ. ಅಲ್ಲಿಯವರೆಗೆ ನಾಲ್ಕು ವಾರಕ್ಕೊಮ್ಮೆ ತಿರುವನಂತಪುರಕ್ಕೆ ಹೋಗಿ ಡೈರಿ ತೋರಿಸಬೇಕು. ಡೈರಿಯಲ್ಲಿ ಫಿಟ್ಸಿನ ಪ್ರತಿ ಸೆಳೆತಕ್ಕೂ ಒಂದು ಸಾಲು: ತಾರೀಖು, ಗಂಟೆ, ಎಷ್ಟು ಸೆಕೆಂಡು. ಮಿಕ್ಕಿದ ಸಿರಪ್ಪನ್ನು ಬಾಟಲಿಯ ಸಮೇತ ವಾಪಸು ಕೊಡಬೇಕು. ಅಲ್ವಿನ್ ಅದನ್ನು ಗಾಜಿನ ಅಳತೆಗೊಳವೆಗೆ ಸುರಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಎಷ್ಟು ಕೊಟ್ಟಿದ್ದೀರಿ ಎಷ್ಟು ಉಳಿದಿದೆ ಎಂದು ಬರೆದುಕೊಳ್ಳುತ್ತಿದ್ದ. ಒಂದು ಚಮಚ ಕಡಿಮೆ ಬಂದದ್ದಕ್ಕೆ ಸುಮಿತ್ರ ‘ಚೆಲ್ಲಿಹೋಯಿತು’ ಎಂದಿದ್ದಳು. ಅಲ್ವಿನ್ ‘ಚೆಲ್ಲಿದ್ದು’ ಎಂದು ಬರೆದುಕೊಂಡಿದ್ದ.

ಅನ್ವಿತಾಳಿಗೆ ಸೆಳೆತ ಶುರುವಾದದ್ದು ಎರಡನೇ ವರ್ಷದಲ್ಲಿ. ಮಾತಿನ ನಡುವೆ ಕಣ್ಣು ಎಲ್ಲೋ ನಿಂತುಬಿಡುವುದು, ಎಡಗೈ ಜಗ್ಗುವುದು, ಕೆಲವು ಸಲ ನಿಂತಲ್ಲೇ ಬೀಳುವುದು. ನಾಲ್ಕು ಬಗೆಯ ಮಾತ್ರೆ ನುಂಗಿಸಿ ನೋಡಿದ್ದರು. ನಿಂತಿರಲಿಲ್ಲ. ಸುಮಿತ್ರಳಿಗೆ ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ನಾಲ್ಕು ವರ್ಷ. ಗಂಡ ಅಭಿಜಿತ್‌ಗೆ ತಿರುವನಂತಪುರದ ಪಟ್ಟಂನಲ್ಲಿ ಕೇಂದ್ರ ಸರ್ಕಾರದ ಕಚೇರಿಯ ಕೆಲಸ, ಅಲ್ಲೇ ಒಂದು ರೂಮು. ಮಗಳು ಅಮ್ಮನ ಜೊತೆ. ಅಪ್ಪ ಅಮ್ಮನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳಂನಲ್ಲಿ.

ಜುಬೈದಾ ಸಿಕ್ಕಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಮೊದಲ ಭೇಟಿಯ ದಿನ. ನೀಲಿ ಹೆಲ್ಮೆಟ್ ಹಾಕಿಕೊಂಡ ಎಂಟು ವರ್ಷದ ಹುಡುಗನೊಬ್ಬ ಅನ್ವಿತಾಳ ಮುಂದೆ ಬಂದು ನಿಂತು ಕನ್ನಡದಲ್ಲಿ ಹೇಳಿದ:

“ನಾನು ಬೈಕ್ ಓಡಿಸ್ತೇನೆ. ಅದಕ್ಕೆ ಹೆಲ್ಮೆಟ್.”

“ನುಣ!” ಸುಳ್ಳು ಎಂದಳು ಅನ್ವಿತಾ.

“ನಿನ್ಗೆ ಕನ್ನಡ ಬರುದಿಲ್ವಾ?”

“ಅರಿಯಾಂ,” ಗೊತ್ತು ಎಂದು ಅವಳು ಮೂತಿ ತಿರುಗಿಸಿದಳು.

“ಗೊತ್ತಿದ್ದವಳು ಹೀಗಾ ಮಾತಾಡುದು?” ಎಂದು ಆ ಹುಡುಗ ದೊಡ್ಡವರ ಹಾಗೆ ಸೊಂಟದ ಮೇಲೆ ಕೈಯಿಟ್ಟ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ತಾಯಿ ನಕ್ಕುಬಿಟ್ಟಳು. ಸುಮಿತ್ರಳೂ ನಕ್ಕಳು. ಗೆಳೆತನಕ್ಕೆ ಅಷ್ಟು ಸಾಕಾಯಿತು.

ಜುಬೈದಾ ಉಪ್ಪಳದ ಕನ್ನಡ ಮೇಷ್ಟ್ರೊಬ್ಬರ ಮಗಳು. ಕಾಕ್ಕನಾಡಿನ ಐಟಿ ಕಂಪನಿಯಲ್ಲಿ ಕೆಲಸ. ಗಂಡ ದುಬೈಯಲ್ಲಿ. ಮಗ ಸಿನಾನ್ ಐದು ವರ್ಷದವರೆಗೆ ಅಜ್ಜನ ಹತ್ತಿರ ಬೆಳೆದದ್ದರಿಂದ ಕನ್ನಡ ಅವನಿಗೆ ಬಾಯಿತುಂಬ ಇತ್ತು. ಅವನಿಗೆ ಬರುತ್ತಿದ್ದದ್ದು ಬೀಳುವ ಸೆಳೆತ. ಕಾಲಡಿಯ ನೆಲ ಎಳೆದುಕೊಂಡ ಹಾಗೆ ದೊಪ್ಪನೆ ಬೀಳುತ್ತಿದ್ದ, ಎದ್ದು ‘ಏನಾಗ್ಲಿಲ್ಲ’ ಎನ್ನುತ್ತಿದ್ದ. ಹೆಲ್ಮೆಟ್ಟಿನ ಹಿಂಬದಿಯಲ್ಲಿ ಅವನೇ ಅಂಟಿಸಿದ ಡೈನೋಸಾರ್ ಸ್ಟಿಕ್ಕರುಗಳು ಅರ್ಧರ್ಧ ಕಿತ್ತುಹೋಗಿದ್ದವು.

ಅಂದಿನಿಂದ ಇಬ್ಬರೂ ಒಂದೇ ದಿನ ಭೇಟಿಯ ತಾರೀಖು ಕೇಳಿಕೊಂಡರು. ಎರ್ನಾಕುಳಂನಿಂದ ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್, ಎದುರುಬದುರು ಸೀಟು. ಕೊಲ್ಲಂ ದಾಟುವ ಹೊತ್ತಿಗೆ ಡಬ್ಬಿಗಳು ತೆರೆದುಕೊಳ್ಳುತ್ತಿದ್ದವು. ಸುಮಿತ್ರಳ ಚಿತ್ರಾನ್ನದಲ್ಲಿ ಅರ್ಧ ಅವಳಿಗೆ, ಜುಬೈದಾಳ ಪತ್ತಿರಿ ರೊಟ್ಟಿಯಲ್ಲಿ ಅರ್ಧ ಇವಳಿಗೆ. ಸುಮಿತ್ರಳ ಸ್ಟೀಲ್ ಫ್ಲಾಸ್ಕಿನಲ್ಲಿ ಮೈಸೂರಿನ ಪುಡಿಯ ಕಾಫಿ ಇರುತ್ತಿತ್ತು. ಕಿಟಕಿಯ ಸೀಟು ಕೂಡ ಸ್ಟೇಷನ್ನು ಲೆಕ್ಕ ಹಾಕಿ ಮಕ್ಕಳಿಬ್ಬರಿಗೆ ಅರ್ಧರ್ಧ. ಯಾರು ಯಾರಿಗೆ ಏನು ಕೊಡಬೇಕೆಂದು ಯಾರೂ ಕೇಳುತ್ತಿರಲಿಲ್ಲ.

ಮೊದಲ ತಿಂಗಳ ಡೈರಿ ಬಂತು. ಅನ್ವಿತಾಳ ಹತ್ತೊಂಬತ್ತು ಸೆಳೆತ ಏಳಕ್ಕೆ ಇಳಿದಿತ್ತು. ಅವಳು ನಗುತ್ತಿದ್ದಳು, ಸ್ಕೂಲಿನ ಹಾಡು ಹೇಳುತ್ತಿದ್ದಳು, ಎರಡು ತುತ್ತು ಹೆಚ್ಚು ತಿನ್ನುತ್ತಿದ್ದಳು. ಸಿನಾನ್‌ನ ಹದಿನಾಲ್ಕು ಹದಿಮೂರಾಗಿತ್ತು, ಅಷ್ಟೇ. ಅವನು ನಿದ್ದೆ ಮಾಡುತ್ತಿರಲಿಲ್ಲ, ಊಟದ ತಟ್ಟೆ ದೂಡುತ್ತಿದ್ದ, ಸಣ್ಣದಕ್ಕೆಲ್ಲ ಕಿರುಚುತ್ತಿದ್ದ.

“ನಮ್ಗೆ ಸಿಕ್ಕಿದ್ದು ಖಾಲಿ ಸಿರಪ್ಪು ಸುಮಿತ್ರಕ್ಕ,” ಎಂದಳು ಜುಬೈದಾ. ಆಗ ಅವರು ತಿರುವನಂತಪುರದ ತಂಪಾನೂರು ರೈಲ್ವೆ ಸ್ಟೇಷನ್ನಿನಲ್ಲಿ, ಹೆಂಗಸರ ವೇಟಿಂಗ್ ರೂಮಿನಲ್ಲಿ ವಾಪಸು ರೈಲಿಗೆ ಕಾಯುತ್ತಿದ್ದರು. ಮಕ್ಕಳು ತೂಕದ ಯಂತ್ರದ ಮೇಲೆ ಒಬ್ಬರಾದ ಮೇಲೆ ಒಬ್ಬರು ಹತ್ತುತ್ತಿದ್ದರು. “ಮನಸ್ಸಿಗೆ ಖುಷಿ ಕೊಡುವ ಮದ್ದು ಅಂತಲ್ವಾ? ಇವ್ನ ಮುಖ ನೋಡಿ. ಖುಷಿ ಉಂಟಾ ಎಲ್ಲಾದ್ರೂ?”

ಸುಮಿತ್ರ ತಾನು ನುಂಗಿ ನೋಡಿದ್ದನ್ನು ಹೇಳಿದಳು. ಮ್ಯಾನೇಜರ ಜೋಕನ್ನೂ ಹೇಳಿದಳು. ಜುಬೈದಾ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

“ನಮ್ದು ನಿಜವಾದ್ದೇ ಕಣೆ. ಅನುಮಾನವೇ ಇಲ್ಲ,” ಎಂದಳು ಸುಮಿತ್ರ. ಆಮೇಲೆ ಚಿತ್ರಾನ್ನದ ವಿಷಯ ಮಾತಾಡುವಷ್ಟೇ ಸಲೀಸಾಗಿ, “ಅರ್ಧ ತಗೋ,” ಎಂದಳು.

“ಎಂಥದು?”

“ಇಬ್ರ ಬಾಟ್ಲಿನೂ ಬೆರೆಸೋಣ. ತೂಕ ಇಬ್ರದ್ದೂ ಒಂದೇ, ಅಳತೆಯೂ ಒಂದೇ. ನಿನ್ನ ಮಗನಿಗೂ ಅರ್ಧ ಹೋಗುತ್ತೆ.”

“ಅನ್ವಿತಂಗೆ ಕಮ್ಮಿ ಆಗ್ತದಲ್ಲ ಮಾರಾಯ್ರೆ!”

“ಹತ್ತೊಂಬತ್ತು ಏಳಾಗಿದೆ. ಏಳು ಹತ್ತಾಗ್ಲಿ, ಬಿಡು. ನಿನ್ನ ಹದಿಮೂರೂ ಹತ್ತಾಗ್ಲಿ.”

“ಅಲ್ವಿನ್‌ಗೆ ಗೊತ್ತಾದ್ರೆ? ಇಬ್ರನ್ನೂ ಹೊರಗೆ ಹಾಕ್ತಾರೆ.”

“ಅವನು ಅಳೆಯೋದು ಎಷ್ಟಿದೆ ಅಂತ. ಏನಿದೆ ಅಂತಲ್ಲ.”

ಜುಬೈದಾ ಮಗನ ಕಡೆ ನೋಡಿದಳು. ಅವನು ತೂಕದ ಯಂತ್ರಕ್ಕೆ ಒದೆಯುತ್ತಿದ್ದ. “ಬೇಡ ಅಕ್ಕ, ಇದು ಸರಿ ಅಲ್ಲ,” ಎಂದು ಒಂದು ಸಲ ಅಂದಳು. ಎರಡನೇ ಸಲ ಅನ್ನಲಿಲ್ಲ.

ಸುಮಿತ್ರ ಕಾಫಿ ಫ್ಲಾಸ್ಕನ್ನು ನಲ್ಲಿಯಲ್ಲಿ ಮೂರು ಸಲ ತೊಳೆದು, ಬಿಸ್ಲೇರಿ ನೀರಿನಲ್ಲಿ ಮತ್ತೊಮ್ಮೆ ತೊಳೆದು, ದುಪಟ್ಟಾದ ತುದಿಯಿಂದ ಒಳಗೆಲ್ಲ ಒರೆಸಿದಳು. ಎರಡೂ ಮಕ್ಕಳ ಬಾಟಲಿಗಳನ್ನು ಅದಕ್ಕೆ ಸುರಿದು, ಮುಚ್ಚಳ ಹಾಕಿ, ಮೆಲ್ಲಗೆ ತಿರುಗಿಸಿ, ಮತ್ತೆ ಅದೇ ಬಾಟಲಿಗಳಿಗೆ ತುಂಬಿದಳು. ಒಂದು ಹನಿ ಹೊರಗೆ ಬೀಳಲಿಲ್ಲ. ಅದಾದ ಮೇಲೆ ಮತ್ತೆರಡು ಭೇಟಿಗಳಲ್ಲೂ ಹಾಗೆಯೇ ಮಾಡಿದರು. ಅದೇ ವೇಟಿಂಗ್ ರೂಮು, ಅದೇ ಫ್ಲಾಸ್ಕು. ಆ ದಿನಗಳಲ್ಲಿ ಸುಮಿತ್ರಳಿಗೆ ತನ್ನ ಬಗ್ಗೆಯೇ ಒಂದು ಬಗೆಯ ಗೌರವ ಹುಟ್ಟಿತ್ತು. ಮಗಳ ಬಾಯಿಂದ ತೆಗೆದು ಇನ್ನೊಬ್ಬಳ ಮಗನಿಗೆ ಕೊಡುವುದು ಸಣ್ಣ ಮಾತಲ್ಲ.

ಮತ್ತು ಅದು ಫಲ ಕೊಡುತ್ತಲೂ ಇತ್ತು. ಸಿನಾನ್ ನಿದ್ದೆ ಮಾಡತೊಡಗಿದ, ಊಟ ಮಾಡತೊಡಗಿದ, ರೈಲಿನಲ್ಲಿ ಡೈನೋಸಾರ್‌ಗಳ ಹೆಸರು ಹೇಳಿ ಅನ್ವಿತಾಳ ತಲೆ ತಿಂದ. “ಮದ್ದು ತಾಗಿತು ನೋಡಿ,” ಎಂದು ಜುಬೈದಾ ಸುಮಿತ್ರಳ ಕೈ ಹಿಡಿದುಕೊಂಡಳು. ಬೀಳುವುದು ಮಾತ್ರ ಹನ್ನೆರಡು, ಮುಂದಿನ ತಿಂಗಳು ಹದಿನಾಲ್ಕು. ಅನ್ವಿತಾ ತಿಂಡಿ ಬೇಡವೆನ್ನತೊಡಗಿದಳು, ರಾತ್ರಿ ಎದ್ದು ಕೂರುತ್ತಿದ್ದಳು. ಮಳೆಗಾಲದ ಜ್ವರ ಇರಬೇಕು ಎಂದು ಸುಮಿತ್ರ ಕಷಾಯ ಮಾಡಿಕೊಟ್ಟಳು.

ನಾಲ್ಕನೆಯ ತಿಂಗಳು, ಒಂದು ಗುರುವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸಿನಾನ್ ಸ್ಕೂಲಿನಿಂದ ಬಂದು ಶೂ ಬಿಚ್ಚುತ್ತಿದ್ದವನು ಬಿದ್ದ. ಹೆಲ್ಮೆಟ್ ತಲೆಯ ಮೇಲೇ ಇತ್ತು, ಪೆಟ್ಟಾಗಲಿಲ್ಲ. ಆದರೆ ಸೆಳೆತ ನಿಲ್ಲಲಿಲ್ಲ. ಆಂಬ್ಯುಲೆನ್ಸಿನಲ್ಲಿ ನಿಲ್ಲಲಿಲ್ಲ, ಕೊಚ್ಚಿಯ ಆಸ್ಪತ್ರೆಯ ಐಸಿಯುನಲ್ಲಿ ಬಲವಾದ ಇಂಜೆಕ್ಷನ್ನುಗಳನ್ನು ಕೊಟ್ಟ ಮೇಲೆಯೂ ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಅವನು ಏಳಲಿಲ್ಲ. ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಉಪ್ಪಳಕ್ಕೆ ಒಯ್ದು ಮಣ್ಣು ಮಾಡಿದರು.

ಜುಬೈದಾ ಕೊಚ್ಚಿಗೆ ಮರಳಿದ ಮೇಲೆ ಸುಮಿತ್ರ ಅವಳ ಫ್ಲಾಟಿಗೆ ಹೋಗಿ ಒಂದು ಗಂಟೆ ಕೂತಿದ್ದಳು. ಹೊರಡುವಾಗ ಜುಬೈದಾ ಬಾಗಿಲ ಹತ್ತಿರ ನಿಂತು, ಅವಳ ಮುಖ ನೋಡದೆ, “ಇನ್ನು ಅನ್ವಿತಂಗೆ ಬಾಟ್ಲಿ ಪೂರ್ತಿ ಕೊಡಿ,” ಎಂದಳು. ಅದಾದ ಮೇಲೆ ಅವಳು ಫೋನ್ ಎತ್ತಲಿಲ್ಲ.

ಅಷ್ಟಾದರೂ ಕೊಟ್ಟೆವಲ್ಲ ಎಂದು ಸುಮಿತ್ರ ಸಮಾಧಾನ ಮಾಡಿಕೊಂಡಳು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಅಡುಗೆಮನೆಯಲ್ಲಿ ಅದೊಂದೇ ಮಾತನ್ನು ತನಗೆ ತಾನೇ ಹೇಳಿಕೊಂಡಳು. ಆ ಮಗುವಿಗೆ ಏನೂ ಇಲ್ಲದಿದ್ದಾಗ ನಾವು ಅರ್ಧವನ್ನಾದರೂ ಕೊಟ್ಟೆವು.

ಆರು ತಿಂಗಳು ಮುಗಿದು, ಕೊನೆಯ ಮಗುವಿನ ಸರದಿಯೂ ಮುಗಿದ ಮೇಲೆ ಕೋಡ್ ಒಡೆದರು. ಸುಮಿತ್ರಳನ್ನು ಕರೆದರು. ಅಲ್ವಿನ್ ಕಂಪ್ಯೂಟರು ನೋಡಿ, ಅಕ್ಕ ಎಂದು ಕರೆದು ಮಲಯಾಳಂನಲ್ಲಿ ಮೆತ್ತಗೆ ಹೇಳಿದ: “ಚೇಚಿ, ಅನ್ವಿತಾಳದು ಔಷಧಿ ಇಲ್ಲದ ಗುಂಪು.”

“ಯಾವ ಗುಂಪು?”

“ಖಾಲಿ ಸಿರಪ್. ಬೇಜಾರು ಮಾಡ್ಕೋಬೇಡಿ. ಮುಂದಿನ ಹಂತದಲ್ಲಿ ಎಲ್ಲ ಮಕ್ಕಳಿಗೂ ನಿಜವಾದ ಔಷಧಿಯೇ ಕೊಡೋದು. ಇವತ್ತೇ ಬಾಟಲಿ ತಗೊಂಡು ಹೋಗಬಹುದು.”

ಸುಮಿತ್ರಳಿಗೆ ಮೊದಲು ಹೊಳೆದದ್ದು ಮ್ಯಾನೇಜರ ಜೋಕು. ಎಷ್ಟು ಜೋರಾಗಿ ನಕ್ಕಿದ್ದೆ! ಮೊದಲ ತಿಂಗಳ ಆ ಏಳು, ಮಗಳ ಹಾಡು? ಸಿನಾನ್‌ಗೆ ಕೊಟ್ಟದ್ದು ಸಕ್ಕರೆ ನೀರೇ ಹಾಗಾದರೆ? ಅವನ ಬಾಟಲಿಯಲ್ಲಿ ಏನಿತ್ತು ಎಂಬ ಪ್ರಶ್ನೆಯವರೆಗೆ ಅವಳ ಮನಸ್ಸು ಇನ್ನೂ ಹೋಗಿರಲಿಲ್ಲ. ಅಲ್ಲಿಗೆ ಅವಳನ್ನು ತಲುಪಿಸಿದ್ದು ಡಾಕ್ಟರ್ ನಂದಿತಾ.

“ಫಲಿತಾಂಶ ಕೆಟ್ಟದಾಗಿಲ್ಲ,” ಎಂದರು ಅವರು. ಐವತ್ತರ ಆಸುಪಾಸಿನ, ಸದಾ ಸ್ವಲ್ಪ ದಣಿದಂತೆ ಕಾಣುವ ಹೆಂಗಸು. “ಔಷಧಿ ತಗೊಂಡ ಹಲವು ಮಕ್ಕಳಲ್ಲಿ ಎರಡನೇ ತಿಂಗಳಿಂದ ಫಿಟ್ಸ್ ಕಡಿಮೆ ಆಗಿದೆ. ಮೊದಲ ತಿಂಗಳು ನಿದ್ದೆ, ಊಟ ಕೆಡುತ್ತೆ, ಕಿರಿಕಿರಿ ಮಾಡ್ತಾರೆ. ಆಮೇಲೆ ಹೊಂದಿಕೊಳ್ಳುತ್ತೆ. ಆದರೆ ಮುಂದಿನ ಹಂತದಲ್ಲಿ ಡೋಸ್ ಹೆಚ್ಚಿಸ್ತಾ ಇದ್ದೀವಿ. ಒಂದು ಮಗುವಿನಲ್ಲಿ... ಪೂರ್ತಿ ಡೋಸ್ ತಗೊಂಡಿದ್ದರೂ ರಕ್ತದಲ್ಲಿ ಔಷಧಿ ಇರಬೇಕಾದ್ದರ ಅರ್ಧ ಮಾತ್ರ ಇತ್ತು. ಬಾಟಲಿಯ ಅಳತೆ ಒಂದು ಎಂಎಲ್ ಕೂಡ ಹೆಚ್ಚುಕಡಿಮೆ ಇಲ್ಲ. ಕೆಲವು ಮಕ್ಕಳ ದೇಹ ಅದನ್ನು ಬೇಗ ಕರಗಿಸಿಬಿಡುತ್ತೆ ಅನ್ಸುತ್ತೆ. ಆ ಮಗು ಉಳಿಯಲಿಲ್ಲ. ಅಂಥದ್ದು ಮತ್ತೆ ಆಗಬಾರದು.”

ಅರ್ಧ ಮಾತ್ರ ಇತ್ತು.

ಸುಮಿತ್ರಳ ಕಣ್ಣ ಮುಂದೆ ಸಿನಾನ್ ಬಂದ. ನಿದ್ದೆ ಇಲ್ಲದ, ತಟ್ಟೆ ದೂಡುವ, ತೂಕದ ಯಂತ್ರಕ್ಕೆ ಒದೆಯುವ ಹುಡುಗ. ಔಷಧಿ ಇದ್ದದ್ದು ಅವನ ಬಾಟಲಿಯಲ್ಲಿ. ಅವಳು ಕೊಟ್ಟಿರಲಿಲ್ಲ. ತೆಗೆದುಕೊಂಡಿದ್ದಳು, ತಿಂಗಳು ತಿಂಗಳೂ, ಫ್ಲಾಸ್ಕಿನಲ್ಲಿ ಅಳೆದು.

ಅಭಿಜಿತ್ ಮಧ್ಯಾಹ್ನ ಪಟ್ಟಂನಿಂದ ಬಂದು ಹೆಂಡತಿ ಮಗಳನ್ನು ತಂಪಾನೂರಿನ ಕಾಫಿ ಹೌಸಿಗೆ ಕರೆದುಕೊಂಡು ಹೋದ. ಮೆಟ್ಟಿಲಿಲ್ಲದೆ ಸುತ್ತುತ್ತ ಮೇಲೇರುವ ಆ ಕಟ್ಟಡ ಅನ್ವಿತಾಳಿಗೆ ಬಹಳ ಇಷ್ಟ. ಅವಳು ಕಟ್ಲೆಟ್ಟಿನೊಳಗಿನ ಬೀಟ್‌ರೂಟ್ ಬಿಡಿಸಿ ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದಾಗ ಸುಮಿತ್ರ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಅದುವರೆಗೆ ಏನೂ ಗೊತ್ತಿರಲಿಲ್ಲ.

ಅವನು ಕಾಫಿ ಲೋಟ ತಿರುಗಿಸುತ್ತ ಕೇಳಿದ.

“ಹೇಳಿದ್ರೆ ಏನಾಗುತ್ತೆ?”

“ಅನ್ವಿತಾನ ತೆಗೀತಾರೆ. ಸಹಿ ಹಾಕಿದ ಕಾಗದದಲ್ಲೇ ಇದೆ.”

“ಹೇಳ್ದೆ ಇದ್ರೆ?”

“ಇವಳಿಗೆ ಔಷಧಿ ಸಿಗುತ್ತೆ. ಬೇರೆ ಮಕ್ಕಳಿಗೂ ಸಿಗುತ್ತೆ, ಬೇಕಾದ್ದಕ್ಕಿಂತ ಜಾಸ್ತಿ. ನನ್ನಿಂದ.”

“ಇವಳಿಗೆ ಮನೇಲಿ ಕಡಿಮೆ ಕೊಟ್ರಾಯ್ತು. ಬಾಟ್ಲಿ ಸರಿದೂಗಿಸೋದು ನಿಂಗೆ ಗೊತ್ತಲ್ಲ.” ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿದ. “ಸುಮಿ, ಐದು ವರ್ಷದಿಂದ ಒದ್ದಾಡ್ತಿದೀವಿ. ಈಗ ಸಿಕ್ಕಿದೆ. ಬ್ಯಾಗಲ್ಲೇ ಇದೆ.”

ನಿಜ. ಎರಡು ಕಂದು ಬಾಟಲಿಗಳು ಅವಳ ಬ್ಯಾಗಿನಲ್ಲಿದ್ದವು. ಈ ಸಲ ಅವುಗಳ ಮೇಲೆ ಹೆಸರೂ ಇತ್ತು.

ಮರುದಿನ ಭಾನುವಾರ. ಅನ್ವಿತಾಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಸುಮಿತ್ರ ಹೇಳದೆ ಕೇಳದೆ ಕಾಕ್ಕನಾಡಿಗೆ ಹೋದಳು. ಹೇಳಿದ್ದರೆ ಜುಬೈದಾ ಬೇಡ ಅನ್ನುತ್ತಿದ್ದಳು. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇತ್ತು. ಜುಬೈದಾ ಬಾಗಿಲು ತೆರೆದು, ಒಂದು ಗಳಿಗೆ ನಿಂತು, ಒಳಗೆ ಕರೆದಳು. ಬಡಕಲಾಗಿದ್ದಳು. ಟಿವಿಯ ಪಕ್ಕದಲ್ಲಿ ನೀಲಿ ಹೆಲ್ಮೆಟ್ ಇತ್ತು, ಧೂಳಿಲ್ಲದೆ.

“ಕೋಡ್ ಒಡೆದ್ರಾ?” ಎಂದು ಜುಬೈದಾಳೇ ಕೇಳಿದಳು.

“ಹೂಂ.”

“ಅನ್ವಿತಂದು ಎಂಥ ಇತ್ತು?”

ಹೆಲ್ಮೆಟ್ಟಿನ ಮೇಲಿನ ಅರ್ಧ ಡೈನೋಸಾರ್ ಅವಳತ್ತಲೇ ನೋಡುತ್ತಿತ್ತು. “ನಿಜವಾದ್ದೇ,” ಎಂದಳು ಸುಮಿತ್ರ. “ಅರ್ಧ ಸಿನಾನ್‌ಗೆ ಸಿಕ್ಕಿತ್ತು, ಜುಬೈದಾ. ಅಷ್ಟಾದ್ರೂ ಸಿಕ್ಕಿತ್ತು.”

ಜುಬೈದಾ ಎದ್ದು ಅಡುಗೆಮನೆಗೆ ಹೋದಳು. ನೀರು ಕುದಿಯುವ ಸದ್ದು ಬಂತು, ನಿಂತಿತು. ಚಹಾ ತರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು:

“ಸುಳ್ಳು ಹೇಳ್ಬೇಡಿ ಸುಮಿತ್ರಕ್ಕ. ನಿಮ್ಗೆ ಅದು ಬರುದಿಲ್ಲ.”

“ಜುಬೈದಾ...”

“ಐಸಿಯುಗೆ ಹಾಕಿದ ದಿನವೇ ಅವ್ನ ಕೋಡ್ ಒಡೆದ್ರು. ಅವ್ನ ಹೊಟ್ಟೆಗೆ ಏನು ಹೋಗಿದೆ ಅಂತ ಗೊತ್ತಾಗದೆ ಅಲ್ಲಿಯ ಡಾಕ್ಟ್ರು ಹೇಗೆ ನೋಡುದು? ನನ್ನ ಎದುರೇ ಫೋನಲ್ಲಿ ಹೇಳಿದ್ರು, ನಿಜವಾದ ಮದ್ದು ಅಂತ. ಆಮೇಲೆ ರಕ್ತದಲ್ಲಿ ಅರ್ಧವೇ ಇರುದು ನೋಡಿ, ಪೂರ್ತಿ ಕೊಡ್ತಿದ್ರಾ ಅಂತ ನನ್ನ ಕೇಳಿದ್ರು. ಹೌದು ಅಂದೆ.”

“ಯಾಕೆ ಹೌದು ಅಂದೆ?”

“ಅಲ್ಲ ಅಂದಿದ್ರೆ ಅನ್ವಿತನ್ನು ಆ ದಿನವೇ ತೆಗೀತಿದ್ರು. ಒಂದು ಮಗು ಅಲ್ಲಿ ಮಲಗಿತ್ತು, ಇನ್ನೊಂದರದ್ದೂ ಯಾಕೆ ಹಾಳು ಮಾಡುದು ಅಂತ. ಆಗ ಹಾಗೆ ಅನ್ನಿಸ್ತು.” ಅವಳ ಸ್ವರ ಬದಲಾಯಿತು. “ಆಮೇಲೆ ಹಾಗೆ ಅನ್ನಿಸ್ಲಿಲ್ಲ. ಆಮೇಲೆ ನಿಮ್ಮ ಮುಖ ನೋಡ್ಲಿಕ್ಕೇ ಆಗ್ಲಿಲ್ಲ. ನಿಮ್ಮ ಫೋನ್ ಬಂದಾಗೆಲ್ಲ, ಇವ್ರ ಮಗಳ ಹೊಟ್ಟೆಯಲ್ಲಿ ನನ್ನ ಮಗನ ಮದ್ದು ಉಂಟು ಅಂತ ಅನ್ನಿಸ್ತಿತ್ತು. ಆ ಮಗುವಿನ ಮೇಲೆ ನಂಗೆ ಕೋಪ ಬರ್ತಿತ್ತು. ಏಳು ವರ್ಷದ ಮಗುವಿನ ಮೇಲೆ! ಅದಕ್ಕೇ ಎತ್ತಲಿಲ್ಲ.”

“ನನ್ನ ಬೈಯಿ,” ಎಂದಳು ಸುಮಿತ್ರ. “ಬೈದುಬಿಡು.”

“ಬೈದ್ರೆ ನಿಮ್ಗೆ ಹಗುರ ಆಗ್ತದೆ. ನಂಗೆ?”

ಕೆಳಗೆ ಯಾವುದೋ ಮಗು ಸೈಕಲ್ ಬೆಲ್ಲು ಒಂದೇ ಸಮ ಬಾರಿಸುತ್ತಿತ್ತು. ಸುಮಿತ್ರ ತಲೆ ಎತ್ತದೆ ಡೋಸ್ ಹೆಚ್ಚಿಸುವ ವಿಷಯ ಹೇಳಿದಳು. ಯಾಕೆ ಹೆಚ್ಚಿಸುತ್ತಿದ್ದಾರೆ ಎಂಬುದನ್ನೂ. ಜುಬೈದಾ ಗೋಡೆಗೆ ಒರಗಿ ಕೇಳಿಸಿಕೊಂಡಳು.

“ಅವ್ನ ರಕ್ತ ನೋಡಿಯಾ?”

“ಹೂಂ.”

“ಬೇರೆ ಮಕ್ಕಳಿಗೆ?”

“ಎಲ್ಲರಿಗೂ.”

ಜುಬೈದಾ ಒಳಗೆ ಹೋದಳು. ಬರುವಾಗ ಕೈಯಲ್ಲಿ ಸಿನಾನ್‌ನ ಕೊನೆಯ ತಿಂಗಳ ಡೈರಿ ಇತ್ತು. ಆಸ್ಪತ್ರೆಯವರು ಕೇಳಿದ್ದರೂ ಅವಳು ಕೊಟ್ಟಿರಲಿಲ್ಲ. ಅದನ್ನು ಸುಮಿತ್ರಳ ಮಡಿಲಿಗೆ ಹಾಕಿದಳು.

“ನಾನು ಆ ಊರಿಗೆ ಬರುದಿಲ್ಲ. ಆ ರೈಲಿಗೆ ನಂಗೆ ಹತ್ಲಿಕ್ಕೆ ಆಗುದಿಲ್ಲ. ಇದನ್ನು ಕೊಡಿ. ಕೊಡದಿದ್ರೆ...” ನಿಲ್ಲಿಸಿದಳು. “ಕೊಡದಿದ್ರೆ ನಾನು ಹೇಳ್ಲಿಕ್ಕೆ ಹೋಗುದಿಲ್ಲ. ನಿಮ್ಮ ಮಗಳು, ನೀವು ನೋಡಿ.”

ಬಸ್ಸಿನಲ್ಲಿ ಸುಮಿತ್ರ ಡೈರಿ ತೆರೆದಳು. ಮೊದಲ ಪುಟದ ಮೂಲೆಯಲ್ಲಿ, ಬಾಟಲಿ ಪಡೆದ ತಾರೀಖಿನ ಪಕ್ಕ, ಕನ್ನಡ ಮೇಷ್ಟ್ರ ಮಗಳ ದುಂಡಗಿನ ಅಕ್ಷರದಲ್ಲಿ ಒಂದು ಮಾತು: ‘ಅರ್ಧ’. ಜುಬೈದಾ ಆವತ್ತೇ ಬರೆದಿಟ್ಟಿದ್ದಳು. ಕೊನೆಯ ಸಾಲಿನಲ್ಲಿ ಗುರುವಾರದ ತಾರೀಖು ಇತ್ತು, ಎರಡು ಹತ್ತು ಎಂದು ಗಂಟೆ ಇತ್ತು. ಎಷ್ಟು ಸೆಕೆಂಡು ಎಂಬ ಜಾಗ ಖಾಲಿ ಇತ್ತು.

ಆ ವಾರವಿಡೀ ಸುಮಿತ್ರ ಬಾಟಲಿಯ ಸೀಲು ಒಡೆಯಲಿಲ್ಲ. ಪ್ರತಿ ಬೆಳಿಗ್ಗೆ ಅದನ್ನು ಕಪಾಟಿನಿಂದ ತೆಗೆದು ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದಳು. ಅನ್ವಿತಾ ತಿಂಡಿ ತಿಂದು, ‘ಮರುನ್ನು?’ ಎಂದು ಔಷಧಿಗೆ ಬಾಯಿ ತೆರೆದು ನಿಲ್ಲುತ್ತಿದ್ದಳು. ನಾಳೆ ಎನ್ನುತ್ತಿದ್ದಳು ಇವಳು. ಬುಧವಾರ ಅನ್ವಿತಾ ಬಾತ್‌ರ‍ೂಮಿನ ಹೊಸ್ತಿಲಲ್ಲಿ ಬಿದ್ದು ತುಟಿ ಸೀಳಿಕೊಂಡಳು. ಆ ಬೆಳಿಗ್ಗೆ ಸುಮಿತ್ರಳ ಹೆಬ್ಬೆರಳು ಮುಚ್ಚಳದ ಮೇಲೆ ಎಷ್ಟು ಹೊತ್ತು ಇತ್ತೋ. ಒಂದು ತಿರುವು ಸಾಕಿತ್ತು.

ಶನಿವಾರ ವಂಚಿನಾಡ್ ಹತ್ತಿದರು. ಎದುರಿನ ಸೀಟಿನಲ್ಲಿ ಯಾರೋ ಪೇಪರು ಓದುತ್ತಿದ್ದರು. ಕೊಲ್ಲಂ ದಾಟಿದ ಮೇಲೆ ಅನ್ವಿತಾ ಕಿಟಕಿಯಿಂದ ಸರಿದು ಜಾಗ ಬಿಟ್ಟಳು. ಸರದಿ ಬದಲಾಗುವ ಸ್ಟೇಷನ್ನು ಅದು. ಯಾರೂ ಬಂದು ಕೂರಲಿಲ್ಲ.

ಅಲ್ವಿನ್ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದ. “ಸೀಲು ಒಡೆದೇ ಇಲ್ಲ ಚೇಚಿ? ಮಗುವಿಗೆ ಹುಷಾರಿರಲಿಲ್ಲವಾ?”

ಸುಮಿತ್ರ ಬ್ಯಾಗಿನಿಂದ ಸಿನಾನ್‌ನ ಡೈರಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಫ್ಲಾಸ್ಕನ್ನೂ ತೆಗೆದು ಅದರ ಪಕ್ಕ ಇಟ್ಟಳು. ಮೇಜಿನ ಅಂಚು ನೋಡುತ್ತ, ತನ್ನ ಹರಕು ಮಲಯಾಳಂನಲ್ಲಿ, ವೇಟಿಂಗ್ ರೂಮಿನಿಂದ ಶುರುಮಾಡಿ ಹೇಳಿದಳು. ಎಷ್ಟು ಸಲ, ಯಾವ ಯಾವ ತಾರೀಖು, ಎಷ್ಟು ಎಂಎಲ್. ‘ಚೆಲ್ಲಿದ್ದು’ ಎಂದು ಅವನು ಬರೆದುಕೊಂಡಿದ್ದ ಆ ಒಂದು ಚಮಚವನ್ನೂ ಬಿಡಲಿಲ್ಲ.

“ಒಂದು ಚಮಚದಿಂದ ಏನೂ ಆಗೋದಿಲ್ಲ ಚೇಚಿ,” ಎಂದ ಅಲ್ವಿನ್. “ನಿಜವಾದ ಔಷಧಿಯೇ ಆಗಿದ್ದರೂ ವಾರಗಟ್ಟಲೆ ಬೇಕು. ಅದರಲ್ಲಂತೂ ಏನೂ ಇರಲಿಲ್ಲ.”

“ಗೊತ್ತು,” ಎಂದಳು ಸುಮಿತ್ರ. “ಆದ್ರೆ ಆ ದಿನ ಖುಷಿಯಾಗಿದ್ದೆ.”

ಅವನು ಫೋನ್ ತೆಗೆದು ಡಾಕ್ಟರ್ ನಂದಿತಾರನ್ನು ಕರೆದ. ಬರುತ್ತೇನೆ, ಅಷ್ಟರಲ್ಲಿ ಎಲ್ಲ ಬರೆದುಕೊ ಎಂದರಂತೆ. ಒಂದು ಫಾರಂ ತೆಗೆದ.

“ಇದು ಯಾರ ಯೋಚನೆ?”

“ನನ್ನದು.”

“ಆ ಇನ್ನೊಬ್ಬ ತಾಯಿ?”

“ಬೇಡ ಅಂದಿದ್ದಳು. ಬರ್ಕೊಳ್ಳಿ, ಬೇಡ ಅಂದಿದ್ದಳು.”

ಅವನು ಬರೆದುಕೊಂಡ. ಆಮೇಲೆ ಅನ್ವಿತಾಳ ಫೈಲು ಎಳೆದುಕೊಂಡು, ಮೊದಲ ಪುಟದ ಮೇಲೆ ಓರೆಯಾಗಿ ಒಂದು ಗೆರೆ ಎಳೆದು, ತಾರೀಖು ಹಾಕಿ, ಸಹಿ ಮಾಡಿ, ಮುಚ್ಚಿದ. ಎರಡೂ ಬಾಟಲಿಗಳನ್ನು ತನ್ನ ಕಡೆಯ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದ. ಹಾಗೆ ಮಾಡುವಾಗ ಅವಳ ಮುಖ ನೋಡಲಿಲ್ಲ.

ಅನ್ವಿತಾ ಆ ಹೊತ್ತಿಗೆ ಫ್ಲಾಸ್ಕಿನ ಮುಚ್ಚಳವನ್ನು ಬುಗುರಿಯ ಹಾಗೆ ಮೇಜಿನ ಮೇಲೆ ತಿರುಗಿಸುತ್ತ ಏನೋ ಹೇಳುತ್ತಿದ್ದಳು. ಮಾತು ಅರ್ಧಕ್ಕೆ ನಿಂತಿತು. ಕಣ್ಣು ಗೋಡೆಯಾಚೆ ಎಲ್ಲಿಗೋ ಹೋಯಿತು. ಎಡಗೈ ಒಮ್ಮೆ, ಇನ್ನೊಮ್ಮೆ ಜಗ್ಗಿತು. ಸುಮಿತ್ರ ಎದ್ದು ಮಗಳನ್ನು ತೋಳಿನಲ್ಲಿ ಹಿಡಿದುಕೊಂಡು, ತುಟಿ ಅಲ್ಲಾಡಿಸದೆ, ಒಂದು, ಎರಡು ಎಂದು ಎಣಿಸತೊಡಗಿದಳು. ಅಲ್ವಿನ್‌ನ ಕಣ್ಣು ತಾನಾಗಿಯೇ ಕೈಗಡಿಯಾರಕ್ಕೆ ಹೋಗಿತ್ತು. ಮುಚ್ಚಳ ತಿರುಗುತ್ತ ತಿರುಗುತ್ತ ಮೇಜಿನಂಚಿಗೆ ಬಂದು ನೆಲಕ್ಕೆ ಬಿತ್ತು.

“ಒಂಬತ್ತು,” ಎಂದರು ಇಬ್ಬರೂ, ಒಟ್ಟಿಗೆ.

ಅಲ್ವಿನ್ ಬರೆಯಲು ಪೆನ್ನು ಎತ್ತಿದ. ಮುಚ್ಚಿದ ಫೈಲಿನಲ್ಲಿ ಇನ್ನು ಬರೆಯಲು ಜಾಗವಿರಲಿಲ್ಲ. ಪೆನ್ನನ್ನು ಕೆಳಗಿಟ್ಟು, ಬಗ್ಗಿ, ಕೆಳಗೆ ಬಿದ್ದಿದ್ದ ಮುಚ್ಚಳವನ್ನು ಎತ್ತಿ ಅನ್ವಿತಾಳ ಕೈಗೆ ಕೊಟ್ಟ.